ಪಿನ್ ಬೇಕೋ, ಕರೆಂಟ್ ಬೇಕೋ: ಪರದೇಶಕ್ಕೆ ಹೊರಟವರಿಗೆ ಅಡಾಪ್ಟರ್, ಕನ್ವರ್ಟರ್ ಆರಿಸುವ ಬಗೆ

ಮಗಳ ಬಾಣಂತನಕ್ಕೆ ಮೊದಲ ಸಲ ಅಮೆರಿಕಕ್ಕೆ ಹೋದಾಗ ಧಾರವಾಡದಿಂದ ಮಿಕ್ಸಿ ಹೊತ್ತುಕೊಂಡು ಹೋಗಿದ್ದೆ. ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ಬಾಣಂತಿಗೆ ಬೇಕಾದ ಪುಡಿ ಎಲ್ಲ ಅಲ್ಲೇ ಮಾಡಿಕೊಂಡರಾಯಿತು ಎಂಬ ಲೆಕ್ಕ. ಜೊತೆಗೆ ಒಂದು ಅಡಾಪ್ಟರ್ ಕೂಡ ತಗೊಂಡಿದ್ದೆ. ಪಿನ್ ಸರಿಯಾಗಿ ಕೂತಿತು. ಬಟನ್ ತಿರುವಿದೆ. ಮಿಕ್ಸಿ ‘ಗೊರ್ ಗೊರ್’ ಎಂದು ನರಳುತ್ತ ತಿರುಗಿತು. ಹತ್ತು ನಿಮಿಷ ಆದರೂ ಶೇಂಗಾ ಶೇಂಗಾ ಆಗಿಯೇ ಉಳಿಯಿತು. ಮಗಳು ಒಳಗಿನಿಂದ ಕೂಗಿದಳು: “ಅವ್ವಾ, ಅದೇನ್ ಮಿಕ್ಸಿನೋ, ಬೀಸೋ ಕಲ್ಲೋ?”

ವಾಪಸ್ ಬಂದಮೇಲೆ ಹುಬ್ಬಳ್ಳಿಯ ಒಂದು ವೈಂಡಿಂಗ್ ಅಂಗಡಿಯಲ್ಲಿ ಈ ಕತೆ ಹೇಳಿದೆ. ಅಂಗಡಿಯವರು ನಕ್ಕು, “ಅಕ್ಕಾರ, ನಿಮಗ ಪಿನ್ ಬೇಕಿತ್ತೋ, ಕರೆಂಟ್ ಬೇಕಿತ್ತೋ? ಮೊದಲ ಅದನ್ನ ಕೇಳ್ಕೋಬೇಕಾಗಿತ್ತು” ಅಂದರು. ಇಡೀ ವಿಷಯ ಅಷ್ಟರಲ್ಲೇ ಇದೆ. ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ. ಒಳಗೆ ಹರಿಯುವ ಕರೆಂಟನ್ನು ಮುಟ್ಟುವುದೇ ಇಲ್ಲ. ಗೋಡೆಯಲ್ಲಿ 120 ವೋಲ್ಟ್ ಇದ್ದರೆ ನಿಮ್ಮ ಮಿಕ್ಸಿಗೂ 120 ವೋಲ್ಟೇ. ವೋಲ್ಟೇಜ್ ಬದಲಿಸುವುದು ಕನ್ವರ್ಟರ್ ಅಥವಾ ಟ್ರಾನ್ಸ್‌ಫಾರ್ಮರ್‌ನ ಕೆಲಸ. ಅಂಗಡಿಗಳಲ್ಲಿ ಎರಡಕ್ಕೂ ‘ಕನ್ವರ್ಟರ್ ಪಿನ್’ ಅಂತಲೇ ಹೆಸರು. ನನಗೆ ಗೊಂದಲ ಆಗಿದ್ದು ಅಲ್ಲಿಂದಲೇ.

ಆಮೇಲೆ ಮೂರು ಸಲ ಹೋಗಿಬಂದಿದ್ದೇನೆ. ತಮ್ಮನ ಮಗ ಜರ್ಮನಿಗೆ ಓದಲು ಹೋದ, ಪಕ್ಕದ ಮನೆಯವರು ಉಮ್ರಾಗೆ ಹೋದರು. ಎಲ್ಲರ ಬ್ಯಾಗಿಗೂ ನಾನೇ ಕೈಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಒಂಬತ್ತು ಜನಕ್ಕೆ ಕನ್ವರ್ಟರ್ ಬೇಕಾಗುವುದಿಲ್ಲ.

ಹೆಜ್ಜೆ 1: ಎಲ್ಲವನ್ನೂ ಮಂಚದ ಮೇಲೆ ಹರಡಿ, ಚೀಟಿ ಓದಿ

ಅಂಗಡಿಗೆ ಓಡಬೇಡಿ. ಮೊದಲು ಒಯ್ಯಬೇಕೆಂದಿರುವ ಕರೆಂಟಿನ ಸಾಮಾನೆಲ್ಲ ಹೊರಗೆ ತೆಗೆಯಿರಿ. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್, ಟ್ರಿಮ್ಮರ್, ಇಸ್ತ್ರಿ ಪೆಟ್ಟಿಗೆ, ನೆಬ್ಯುಲೈಸರ್, ಏನಿದೆಯೋ ಅದು. ಪ್ರತಿಯೊಂದರ ಮೇಲೂ ಸಣ್ಣ ಅಕ್ಷರದ ಬರಹ ಇರುತ್ತದೆ. ಚಾರ್ಜರ್ ಆದರೆ ಪಿನ್ನಿನ ಹತ್ತಿರ, ಮಿಕ್ಸಿ ಆದರೆ ತಳದಲ್ಲಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ನೋಡಿ. ನಾನು ಹಾಗೇ ಮಾಡುವುದು.

ಆ ಬರಹದಲ್ಲಿ ‘ಇನ್‌ಪುಟ್’ ಎಂಬ ಸಾಲು ಹುಡುಕಿ. ‘ಔಟ್‌ಪುಟ್’ ಸಾಲು ಓದಿ ಗಾಬರಿ ಆಗಬೇಡಿ, ಅದು ಮೊಬೈಲಿಗೆ ಹೋಗುವ 5 ಅಥವಾ 9 ವೋಲ್ಟಿನ ಲೆಕ್ಕ.

ಇನ್‌ಪುಟ್ ಮುಂದೆ ‘100-240 ವೋಲ್ಟ್, 50/60 ಹರ್ಟ್ಜ್’ (ಹರ್ಟ್ಜ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಎಂಬ ಲೆಕ್ಕ) ಅಂತ ಇದ್ದರೆ ಆ ಸಾಮಾನು ಹೆಚ್ಚುಕಡಿಮೆ ಯಾವ ದೇಶದಲ್ಲಾದರೂ ನಡೆಯುತ್ತದೆ. ಅದಕ್ಕೆ ಪಿನ್ ಒಂದೇ ಸಾಕು. ಈಗಿನ ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರುಗಳು ಬಹುತೇಕ ಎಲ್ಲವೂ ಹೀಗೇ. ಒಳಗಿನ ಸರ್ಕ್ಯೂಟ್ ಬಂದ ಕರೆಂಟನ್ನು ಮೊದಲು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡಿಕೊಂಡು, ಆಮೇಲೆ ತನಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಹೊರಗೆ 100 ಇದ್ದರೂ 240 ಇದ್ದರೂ ಅದಕ್ಕೆ ಫರಕಿಲ್ಲ.

‘220-240 ವೋಲ್ಟ್, 50 ಹರ್ಟ್ಜ್’ ಅಥವಾ ಬರೀ ‘230 ವೋಲ್ಟ್’ ಅಂತ ಇದ್ದರೆ ಅದು ನಮ್ಮಂಥ ಕರೆಂಟಿಗೇ ಹುಟ್ಟಿದ್ದು. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಮಿಕ್ಸಿ, ಇಸ್ತ್ರಿ, ಕೆಟಲ್, ನೀರು ಕಾಯಿಸುವ ಕಾಯಿಲ್, ರೈಸ್ ಕುಕ್ಕರ್ ಎಲ್ಲ ಈ ಗುಂಪಿನವು. ಟ್ರಿಮ್ಮರ್ ಮತ್ತು ಎಲೆಕ್ಟ್ರಿಕ್ ಬ್ರಷ್ಷಿನ ಚಾರ್ಜಿಂಗ್ ಸ್ಟ್ಯಾಂಡ್ ಕಡೆ ಗಮನ ಇರಲಿ. ಸಣ್ಣ ಸಾಮಾನು, ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳುತ್ತೇವೆ. ಕೆಲವು 230ಕ್ಕೆ ಮಾತ್ರ ಮಾಡಿದವು.

ಕೆಲವು ಹೇರ್ ಡ್ರೈಯರ್‌ಗಳಲ್ಲಿ 125/250 ಅಂತ ಸಣ್ಣ ಸ್ವಿಚ್ ಇರುತ್ತದೆ, ನಾಣ್ಯದಿಂದ ತಿರುಗಿಸಬೇಕು. ತಾನಾಗಿ ಬದಲಾಗುವುದಿಲ್ಲ. ಹೋದ ಕೂಡಲೇ ಮತ್ತು ಬಂದ ಕೂಡಲೇ ತಿರುಗಿಸುವುದು ನೆನಪಿರಬೇಕು.

ಅಲ್ಲೇ ವಾಟ್ ಎಷ್ಟು ಅಂತಲೂ ಬರೆದಿಟ್ಟುಕೊಳ್ಳಿ. ವಾಟ್ ಇಲ್ಲದೆ ಆಂಪಿಯರ್ ಮಾತ್ರ ಇದ್ದರೆ ವೋಲ್ಟಿಗೆ ಗುಣಿಸಿ. 230 ವೋಲ್ಟ್, 2 ಆಂಪಿಯರ್ ಅಂದರೆ 460 ವಾಟ್. ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಹೋಗುವ ಊರಿನ ಗೋಡೆ ಹೇಗಿದೆ?

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ವೋಲ್ಟೇಜ್ ಮತ್ತು ಪಿನ್ನಿನ ಆಕಾರ. ಎರಡನ್ನೂ ಒಂದೇ ಅಂತ ಕಲಸಬೇಡಿ.

ವೋಲ್ಟೇಜ್ ವಿಷಯದಲ್ಲಿ ಜಗತ್ತು ಎರಡು ಪಂಗಡ. ಯುರೋಪ್, ಇಂಗ್ಲೆಂಡ್, ಕೊಲ್ಲಿ ದೇಶಗಳು, ಸಿಂಗಪುರ, ಮಲೇಷಿಯಾ, ಆಸ್ಟ್ರೇಲಿಯಾ, ಚೀನಾ ಇವೆಲ್ಲ 220ರಿಂದ 240ರೊಳಗೆ. ಇಲ್ಲಿಗೆ ಹೋಗುವವರು ಕನ್ವರ್ಟರ್ ಚಿಂತೆಯನ್ನೇ ಬಿಡಿ, ಪಿನ್ ನೋಡಿಕೊಳ್ಳಿ. ಇನ್ನೊಂದು ಪಂಗಡ ಅಮೆರಿಕ, ಕೆನಡಾ (120 ವೋಲ್ಟ್, 60 ಹರ್ಟ್ಜ್), ತೈವಾನ್ (110), ಜಪಾನ್ (100). ಜಪಾನಿನದು ಇನ್ನೂ ಮಜಾ. ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಒಂದೇ ದೇಶದೊಳಗೆ! ಸೌದಿಯಲ್ಲಿ ವೋಲ್ಟೇಜ್ ನಮ್ಮಷ್ಟೇ, ಹರ್ಟ್ಜ್ ಮಾತ್ರ 60. ಚಾರ್ಜರುಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಇನ್ನು ಪಿನ್. ಪ್ರತಿ ಆಕಾರಕ್ಕೂ ಒಂದು ಇಂಗ್ಲಿಷ್ ಅಕ್ಷರ ಇಟ್ಟಿದ್ದಾರೆ, ಅಡಾಪ್ಟರ್ ಡಬ್ಬಿಯ ಮೇಲೆ ಅದೇ ಇರುತ್ತದೆ. ನಮ್ಮ ಮೂರು ದುಂಡು ಪಿನ್ನಿನ ಸಣ್ಣ ಪ್ಲಗ್ ‘ಡಿ’. ಫ್ರಿಜ್, ಗೀಸರಿನ ದೊಡ್ಡ ಪವರ್ ಪ್ಲಗ್ ‘ಎಂ’. ಮೊಬೈಲ್ ಚಾರ್ಜರಿನ ಎರಡು ತೆಳು ದುಂಡು ಪಿನ್ ‘ಸಿ’.

ಜರ್ಮನಿಯ ಸಾಕೆಟ್ ‘ಎಫ್’. ಗೋಡೆಯೊಳಗೆ ಬಟ್ಟಲಿನಂತೆ ತಗ್ಗಾಗಿರುತ್ತದೆ, ಒಳಗೆ ಎರಡು ತೂತು. ನಮ್ಮ ತೆಳು ಪಿನ್ನಿನ ಮೊಬೈಲ್ ಚಾರ್ಜರ್ ಅದರಲ್ಲಿ ಅಡಾಪ್ಟರ್ ಇಲ್ಲದೆಯೇ ಕೂರುತ್ತದೆ. ಆದರೆ ಎಲ್ಲ ಎರಡು ಪಿನ್ನೂ ಅಲ್ಲ. ನಮ್ಮ ಸ್ವಲ್ಪ ದಪ್ಪ ದುಂಡು ಪಿನ್ 5 ಮಿಲಿಮೀಟರಿಗೂ ಕೂದಲೆಳೆಯಷ್ಟು ಜಾಸ್ತಿ, ಅವರ ತೂತು 4.8 ಮಿಲಿಮೀಟರ್ ಪಿನ್ನಿಗೆ ಮಾಡಿದ್ದು. ಒತ್ತಿ ತುರುಕಿದರೆ ಸಾಕೆಟ್ ಕೆಡುತ್ತದೆ. ಫ್ರಾನ್ಸಿನದು ‘ಇ’, ಅಲ್ಲಿ ಸಾಕೆಟ್ಟಿನಿಂದಲೇ ಒಂದು ಅರ್ಥಿಂಗ್ ಪಿನ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಿ ಶಾಕ್ ತಪ್ಪಿಸುವುದು) ಹೊರಗೆ ಚಾಚಿರುತ್ತದೆ. ಹಾಗಾಗಿ ಯುರೋಪಿಗೆ ಕೊಳ್ಳುವಾಗ ‘ಇ/ಎಫ್’ ಎರಡಕ್ಕೂ ಆಗುವ, ನಡುವೆ ತೂತಿರುವ ಅಡಾಪ್ಟರನ್ನೇ ಕೊಳ್ಳಿ. ಸ್ವಿಟ್ಜರ್ಲೆಂಡಿಗೆ ದಪ್ಪ ಜರ್ಮನ್ ಪ್ಲಗ್ ಹಿಡಿಸುವುದಿಲ್ಲ, ತೆಳು ಎರಡು ಪಿನ್ನಿನದು ಹಿಡಿಸುತ್ತದೆ.

ಇಂಗ್ಲೆಂಡ್, ದುಬೈ, ಸೌದಿ, ಸಿಂಗಪುರ, ಮಲೇಷಿಯಾ: ‘ಜಿ’. ಮೂರು ಚಪ್ಪಟೆ, ದಪ್ಪ ಪಿನ್. ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ. ಮೇಲಿನ ಉದ್ದ ಪಿನ್ ಒಳಹೋದ ಮೇಲೆಯೇ ಕೆಳಗಿನ ಎರಡು ತೂತಿನ ಮುಚ್ಚಳ ತೆರೆಯುತ್ತದೆ. ನಮ್ಮವರು ಇಲ್ಲೊಂದು ಜಾಣತನ ಮಾಡುತ್ತಾರೆ. ಪೆನ್ನಿನ ಮುಚ್ಚಳ ಮೇಲಿನ ತೂತಿಗೆ ತುರುಕಿ, ಕೆಳಗೆ ಎರಡು ಪಿನ್ ಚಾರ್ಜರ್ ಹಾಕುವುದು! ದಯವಿಟ್ಟು ಬೇಡ. ಪಿನ್ ಸಡಿಲಾಗಿ ಕೂತು ಕಿಡಿ ಹಾರುತ್ತದೆ, ಫ್ಯೂಸಿನ ರಕ್ಷಣೆಯೂ ಇಲ್ಲ. ಇನ್ನೂರು ರೂಪಾಯಿ ಆಸುಪಾಸಿನ ಅಡಾಪ್ಟರ್ ಉಳಿಸಲು ಇಷ್ಟೆಲ್ಲ ಯಾಕೆ?

ಅಮೆರಿಕ, ಕೆನಡಾ: ‘ಎ’ ಮತ್ತು ‘ಬಿ’, ಚಪ್ಪಟೆ ಕಡ್ಡಿಯಂಥ ಪಿನ್. ಆಸ್ಟ್ರೇಲಿಯಾ ‘ಐ’, ಓರೆಯಾಗಿ ನಿಂತ ಎರಡು ಚಪ್ಪಟೆ ಪಿನ್ನು. ನೇಪಾಳಕ್ಕೆ ಸಾಮಾನ್ಯವಾಗಿ ನಮ್ಮ ಪಿನ್ನೇ ನಡೆಯುತ್ತದೆ. ಶ್ರೀಲಂಕಾದಲ್ಲಿ ಹಳೆಯದು ನಮ್ಮಂಥದ್ದು, ಹೊಸದು ‘ಜಿ’.

ಹೆಜ್ಜೆ 3: ಅಡಾಪ್ಟರ್ ಕೊಳ್ಳುವುದು

ಈಗ ಅಂಗಡಿಗೆ ಹೋಗಬಹುದು. ಹುಬ್ಬಳ್ಳಿಯಲ್ಲಿ ಕೊಪ್ಪಿಕರ್ ರೋಡ್, ದುರ್ಗದಬೈಲ್ ಕಡೆ, ಧಾರವಾಡದಲ್ಲಿ ಸುಭಾಸ್ ರೋಡ್ ಸುತ್ತಮುತ್ತ ವಿಚಾರಿಸಿ. ಹೋಗುವಾಗ ನಿಮ್ಮ ಲ್ಯಾಪ್‌ಟಾಪ್ ಚಾರ್ಜರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಇದು ಮುಖ್ಯ. ಅಂಗಡಿಯಲ್ಲೇ ನಿಮ್ಮ ಪ್ಲಗ್ಗನ್ನು ಅಡಾಪ್ಟರಿಗೆ ಸಿಕ್ಕಿಸಿ, ಚಾರ್ಜರ್ ಕೆಳಗೆ ಜೋತುಬೀಳುವಂತೆ ಹಿಡಿಯಿರಿ. ಕಳಚಿ ಬಿದ್ದರೆ ಅಥವಾ ಅಲುಗಾಡಿದರೆ ಅದನ್ನು ವಾಪಸ್ ಕೊಡಿ. ಸಡಿಲ ಪಿನ್ನೇ ಬಿಸಿಯಾಗುವುದು, ಕರಗುವುದು.

ಒಂದೇ ದೇಶಕ್ಕೆ ಹೋಗುವವರು ಆ ದೇಶದ ಒಂದೇ ಒಂದು ಗಟ್ಟಿ ಅಡಾಪ್ಟರ್ ಕೊಳ್ಳಿ. ಎಲ್ಲ ದೇಶಕ್ಕೂ ಆಗುವ, ಪಿನ್ ಒಳಗೆ ಹೊರಗೆ ಜಾರುವ ‘ಯೂನಿವರ್ಸಲ್’ ಡಬ್ಬಿ ನನಗೆ ಅಷ್ಟು ಇಷ್ಟವಿಲ್ಲ. ನಾಲ್ಕೈದು ದೇಶ ಸುತ್ತುವವರಿಗೆ ಸರಿ. ಉಳಿದವರಿಗೆ ಅದು ಭಾರ, ಹಳೆಯ ಗೋಡೆಯ ಸಾಕೆಟ್ಟಿನಿಂದ ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಬಟ್ಟಲಿನಂಥ ಜರ್ಮನ್ ಸಾಕೆಟ್ಟಿನೊಳಗೆ ಅದರ ಚೌಕ ಮೈ ಕೂರದೇ ಹೋಗಬಹುದು. ಇಂಥವುಗಳಲ್ಲಿ ಬಹಳಷ್ಟಕ್ಕೆ ಅರ್ಥಿಂಗ್ ಸಂಪರ್ಕವೂ ಇರುವುದಿಲ್ಲ. ಮೂರು ಪಿನ್ ಒಳಗೆ ಹೋಗುತ್ತದೆ, ಎರಡೇ ಹೊರಗೆ ಬರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಂ ಅನ್ನುತ್ತದಲ್ಲ, ಅದು ಇದರಿಂದಲೇ. ಜೀವಕ್ಕೆ ಅಪಾಯ ಆಗುವಷ್ಟಲ್ಲ, ಆದರೆ ಇಸ್ತ್ರಿ, ಕೆಟಲ್‌ನಂಥ ಲೋಹದ ಸಾಮಾನನ್ನು ಅರ್ಥಿಂಗ್ ಇಲ್ಲದ ಅಡಾಪ್ಟರಿಗೆ ಹಾಕಲೇಬೇಡಿ.

ಮೇಲೆ ಆಂಪಿಯರ್ ಬರೆದಿರಬೇಕು. 6, 8, 10 ಹೀಗೆ. ಬರೆಯದೇ ಇದ್ದರೆ ಕೊಳ್ಳಬೇಡಿ. ‘10 ಆಂಪಿಯರ್, 250 ವೋಲ್ಟ್’ ಅಂತ ಇದ್ದದ್ದನ್ನು ಓದಿ 2500 ವಾಟ್ ಎಳೆಯುತ್ತದೆ ಅಂತ ಅಮೆರಿಕದಲ್ಲಿ ಲೆಕ್ಕ ಹಾಕಬಾರದು. ಅಲ್ಲಿ 120 ವೋಲ್ಟ್, ಹಾಗಾಗಿ 1200 ವಾಟ್ ಅಷ್ಟೇ. ಯುಎಸ್‌ಬಿ ತೂತಿರುವ ಅಡಾಪ್ಟರ್ ಅನುಕೂಲ, ಆದರೆ ಆ ತೂತಿನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗಬೇಕಾದರೆ ಕನಿಷ್ಠ 45 ಅಥವಾ 65 ವಾಟಿನ ಯುಎಸ್‌ಬಿ-ಸಿ ತೂತು ಇರಬೇಕು. ಬರೀ ‘ಫಾಸ್ಟ್’ ಎಂಬ ಮಾತಿಗೆ ಮರುಳಾಗಬೇಡಿ.

ವಿದ್ಯಾರ್ಥಿಗಳಿಗೆ ಒಂದು ಗುಟ್ಟು. ಲ್ಯಾಪ್‌ಟಾಪ್ ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯಿಂದ ಗೋಡೆಗೆ ಹೋಗುವ ವೈರ್ ಬಹುತೇಕ ಬಿಚ್ಚುವಂಥದ್ದು. ಇಟ್ಟಿಗೆಯ ಕಡೆ ಮೂರು ಎಲೆಯ ಹೂವಿನಂಥ ತುದಿ ಇರುತ್ತದೆ. ಆ ತುದಿ ಎಲ್ಲ ದೇಶದಲ್ಲೂ ಒಂದೇ. ಹೋದ ಊರಿನಲ್ಲಿ ಆ ವೈರ್ ಒಂದನ್ನೇ ಕೊಂಡರೆ ಅಡಾಪ್ಟರಿನ ಕಾಟವೇ ಇಲ್ಲ, ಅರ್ಥಿಂಗೂ ಸರಿ. ತಮ್ಮನ ಮಗ ಜರ್ಮನಿಗೆ ಹೋದ ವಾರದಲ್ಲೇ ಇದನ್ನು ಮಾಡಿದ. ಅಲ್ಲಿಯವರೆಗೆ ನಾನು ಕೊಟ್ಟ ಅಡಾಪ್ಟರ್ ಅವನನ್ನು ಕಾಪಾಡಿತು.

ಇನ್ನೊಂದು ಉಪಾಯ, ಐದು ಅಡಾಪ್ಟರ್ ಬದಲು ಒಂದು ಅಡಾಪ್ಟರ್ ಮತ್ತು ಮನೆಯ ಐಎಸ್‌ಐ ಗುರುತಿನ ಎಕ್ಸ್‌ಟೆನ್ಷನ್ ಬೋರ್ಡ್. ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲ ನಮ್ಮ ಪಿನ್ನಿನಲ್ಲೇ. ಚಾರ್ಜರುಗಳಿಗೆ ಮಾತ್ರ, ಬಿಸಿ ಮಾಡುವ ಸಾಮಾನಿಗೆ ಅಲ್ಲ. ಕೆಲವು ಹಾಸ್ಟೆಲ್‌ಗಳಲ್ಲಿ ಹೊರಗಿನ ಬೋರ್ಡ್ ಬಿಡುವುದಿಲ್ಲ, ಕೇಳಿಕೊಂಡು ಒಯ್ಯಿರಿ.

ಹೆಜ್ಜೆ 4: ಕನ್ವರ್ಟರ್ ನಿಜವಾಗಿಯೂ ಬೇಕಾ?

ನಿಮ್ಮ ಸಾಮಾನು 230ಕ್ಕೆ ಮಾತ್ರ, ಹೋಗುವ ದೇಶ 100-120 ವೋಲ್ಟ್. ಆಗ ಮಾತ್ರ ಈ ಪ್ರಶ್ನೆ ಏಳುತ್ತದೆ.

ಮೊದಲು ಕನ್ವರ್ಟರ್ ಇಲ್ಲದೆ ಹಾಕಿದರೆ ಏನಾಗುತ್ತದೆ ನೋಡೋಣ. ಬಿಸಿ ಮಾಡುವ ಸಾಮಾನಿನಲ್ಲಿ ವೋಲ್ಟೇಜ್ ಅರ್ಧ ಆದರೆ ಶಾಖ ಅರ್ಧ ಆಗುವುದಿಲ್ಲ, ಕಾಲುಭಾಗ ಆಗುತ್ತದೆ. ನಮ್ಮ 1000 ವಾಟಿನ ಇಸ್ತ್ರಿ ಅಮೆರಿಕದಲ್ಲಿ ಸುಮಾರು 270 ವಾಟಿನದಾಗುತ್ತದೆ. ಬೆಚ್ಚಗಾಗುತ್ತದೆ, ಸುಕ್ಕು ಹೋಗುವುದಿಲ್ಲ. ಮಿಕ್ಸಿಯ ಮೋಟರ್ ನನ್ನದರಂತೆ ನರಳುತ್ತದೆ.

ಕನ್ವರ್ಟರ್ ಎಂದು ಮಾರುವುದರಲ್ಲಿ ಎರಡು ಜಾತಿ. ಒಂದು ಅಂಗೈಯಷ್ಟಿರುವ, ಹಗುರ ಎಲೆಕ್ಟ್ರಾನಿಕ್ ಕನ್ವರ್ಟರ್. ಡಬ್ಬಿಯ ಮೇಲೆ ‘2000 ವಾಟ್’ ಅಂತ ದೊಡ್ಡದಾಗಿ ಇರುತ್ತದೆ. ಇವು ಸಾಮಾನ್ಯವಾಗಿ ಹೆಚ್ಚಿನ ವೋಲ್ಟೇಜನ್ನು ಕತ್ತರಿಸಿ ಇಳಿಸುವವು, ಅಂದರೆ ಅಮೆರಿಕದವರು ಇತ್ತ ಬರುವಾಗ ಹೇರ್ ಡ್ರೈಯರಿಗೆ ಸ್ವಲ್ಪ ಹೊತ್ತು ಬಳಸಲು ಮಾಡಿದ್ದು. 120ನ್ನು 230ಕ್ಕೆ ಏರಿಸುವುದಿಲ್ಲ. ನಮ್ಮ ಕೆಲಸಕ್ಕೆ ಬಾರದು. ಚಾರ್ಜರಿಗೆ, ಮೋಟರಿಗೆ ಇದನ್ನು ಹಾಕಲೂಬಾರದು.

ಇನ್ನೊಂದು ನಿಜವಾದ ಟ್ರಾನ್ಸ್‌ಫಾರ್ಮರ್, ಕಬ್ಬಿಣ ಮತ್ತು ತಾಮ್ರದ ಸುರುಳಿ. ಇಲ್ಲಿಂದ ಅಮೆರಿಕಕ್ಕೆ ಒಯ್ಯುವ ಸಾಮಾನಿಗೆ ‘ಸ್ಟೆಪ್ ಅಪ್’, ಅಲ್ಲಿಂದ ತಂದ ಸಾಮಾನಿಗೆ ‘ಸ್ಟೆಪ್ ಡೌನ್’. ಕೊಳ್ಳುವಾಗ ಅಂಗಡಿಯವರಿಗೆ ಸುಮ್ನೆ ‘110ರದು ಕೊಡ್ರಿ’ ಅನ್ನಬೇಡಿ. ‘ಗೋಡೆಯಲ್ಲಿ 120, ಸಾಮಾನಿಗೆ 230’ ಎಂದು ಎರಡೂ ಕಡೆ ಹೇಳಿ. ಗೋಡೆಗೆ ಹೋಗುವ ವೈರಿಗೆ ಆ ದೇಶದ ಪಿನ್, ಸಾಮಾನು ಹಾಕುವ ಕಡೆ ನಮ್ಮ ಸಾಕೆಟ್ ಇದೆಯಾ ನೋಡಿ.

ಅಳತೆ ಹೀಗೆ: ಸಾದಾ ಸಾಮಾನಿಗೆ ಅದರ ವಾಟಿಗಿಂತ ಕಾಲುಭಾಗವಾದರೂ ಜಾಸ್ತಿ, ಮೋಟರ್ ಇರುವುದಕ್ಕೆ ಎರಡು ಪಟ್ಟು. ಮೋಟರ್ ಶುರುವಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಹಾಗಾಗಿ 750 ವಾಟಿನ ಮಿಕ್ಸಿಗೆ 1500 ವಾಟಿನ ಟ್ರಾನ್ಸ್‌ಫಾರ್ಮರ್. ಅಮೆರಿಕದ ಸಾದಾ ಸಾಕೆಟ್ ಕೊಡುವುದೇ 15 ಆಂಪಿಯರ್, ಅಂದರೆ 1800 ವಾಟ್. ಹುಬ್ಬಳ್ಳಿಯ ಅಂಗಡಿಯಲ್ಲಿ ಅಂಥದ್ದೊಂದನ್ನು ಎತ್ತಿ ನೋಡಿದೆ. ಎರಡು ಕೈ ಬೇಕಾಯಿತು. 23 ಕೆಜಿಯ ಬ್ಯಾಗಿನಲ್ಲಿ ಅದಿಟ್ಟರೆ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಖಾರಪುಡಿ, ಪೇಡೆ ಎಲ್ಲಿಡುವುದು?

ಹರ್ಟ್ಜ್ ಅನ್ನು ಟ್ರಾನ್ಸ್‌ಫಾರ್ಮರ್ ಬದಲಿಸುವುದಿಲ್ಲ ಎಂಬುದೂ ಗೊತ್ತಿರಲಿ. ಮಿಕ್ಸಿಗೆ ಅದರಿಂದ ತೊಂದರೆ ಇಲ್ಲ. ಕರೆಂಟಿನ ಲಯ ಹಿಡಿದು ನಡೆಯುವ ಗಡಿಯಾರದಂಥವು ಮಾತ್ರ ತಪ್ಪುತ್ತವೆ. ಅಮೆರಿಕದ ಅಂಥ ಗಡಿಯಾರ ಇಲ್ಲಿ ತಾಸಿಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

“ಮನೆಯಲ್ಲಿ ಫ್ರಿಜ್ಜಿನ ಸ್ಟೆಬಿಲೈಜರ್ ಇದೆಯಲ್ಲ, ಅದನ್ನೇ ಒಯ್ದರಾಗದೇ?” ಅಂತ ನಮ್ಮ ಮನೆಯವರು ಕೇಳಿದ್ದರು. ಆಗದು. ಅದು 170-180ಕ್ಕೆ ಇಳಿದ ನಮ್ಮ ಕರೆಂಟನ್ನು ಸ್ವಲ್ಪ ಎತ್ತಿ ಹಿಡಿಯುವುದಕ್ಕೆ. 120 ಕಂಡರೆ ತಾನೇ ಬಂದ್ ಆಗುತ್ತದೆ.

ಕೊನೆಗೆ ನಾವು ಮಾಡಿದ್ದೇನು ಅಂದರೆ, ಎರಡನೇ ಸಲ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಓಕ್ ಟ್ರೀ ರೋಡಿಗೆ ಹೋದೆವು. ಅಲ್ಲಿ ನಮ್ಮವರ ಅಂಗಡಿಗಳದೇ ಸಾಲು. ನಮ್ಮ ದೇಶದ ಕಂಪನಿಯದೇ 110 ವೋಲ್ಟ್ ಮಿಕ್ಸಿ ಸಿಕ್ಕಿತು. ಚಟ್ನಿ ಜಾರ್ ಸಮೇತ. ಆರು ತಿಂಗಳು ಇರುವವರಿಗೆ ನನ್ನ ಸಲಹೆ ಇದೇ: ಕೆಲಸದ ಸಾಮಾನು ಅಲ್ಲೇ ಕೊಳ್ಳಿ. ಇಸ್ತ್ರಿ, ಕೆಟಲ್ ಅಂತೂ ಹೋದ ಮನೆಯಲ್ಲಿ ಇದ್ದೇ ಇರುತ್ತದೆ.

ಹೆಜ್ಜೆ 5: ಹಿರಿಯರ ಔಷಧಿ ಯಂತ್ರಗಳು

ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ದಮ್ಮು ಇರುವವರ ಮನೆಯ ನೆಬ್ಯುಲೈಸರ್ ಬಹಳ ಸಲ 230 ವೋಲ್ಟ್, 50 ಹರ್ಟ್ಜ್‌ಗೆ ಮಾತ್ರ ಮಾಡಿದ್ದು. ಒಳಗೆ ಗಾಳಿ ಒತ್ತುವ ಪಂಪ್ ಇರುತ್ತದೆ. ವೋಲ್ಟೇಜ್ ಕಮ್ಮಿಯಾದರೆ ಹೊಗೆಯಂಥ ಔಷಧಿ ಸರಿಯಾಗಿ ಏಳುವುದಿಲ್ಲ. ಹೊರಡುವ ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿ, ಬ್ಯಾಟರಿ ಅಥವಾ ಯುಎಸ್‌ಬಿಯಿಂದ ನಡೆಯುವ ಸಣ್ಣ ಮೆಶ್ ನೆಬ್ಯುಲೈಸರ್ ತಮಗೆ ಆಗುತ್ತದೆಯೇ ಅಂತ. ಉಸಿರಾಟಕ್ಕೆಂದು ನಿದ್ದೆಯಲ್ಲಿ ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರಗಳು ಬಹುತೇಕ 100-240, ಆದರೂ ಚೀಟಿ ಓದಿ. ಅದರ ಅಡಾಪ್ಟರ್ ಎರಡು ಇರಲಿ, ಒಂದು ಕೈಬ್ಯಾಗಿನಲ್ಲಿ.

ಹೆಜ್ಜೆ 6: ಬ್ಯಾಗು ಕಟ್ಟುವ ರಾತ್ರಿ

ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಬ್ಯಾಗಿನಲ್ಲೇ ಇರಬೇಕು. ಸಾಮಾನ್ಯ ನಿಯಮ, ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ 100 ವಾಟ್-ಅವರ್‌ವರೆಗೆ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಸುಲಭ: ಪವರ್ ಬ್ಯಾಂಕಿನ ಮೇಲಿನ 20,000 ಎಂಎಎಚ್ ಅನ್ನು 3.7ಕ್ಕೆ (ಒಳಗಿನ ಬ್ಯಾಟರಿಯ ವೋಲ್ಟ್) ಗುಣಿಸಿ 1000ಕ್ಕೆ ಭಾಗಿಸಿ, 74 ಬರುತ್ತದೆ. ನಡೆಯುತ್ತದೆ. ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳಬಹುದು, ಅಂಥದ್ದು ಒಯ್ಯಬೇಡಿ. ವಿಮಾನದೊಳಗೆ ಬಳಸಬಹುದೇ ಎಂಬ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ, ಟಿಕೆಟ್ಟಿನ ಜೊತೆ ಅದನ್ನೂ ಓದಿ.

ಅಡಾಪ್ಟರನ್ನು ಕೂಡ ಕೈಬ್ಯಾಗಿನಲ್ಲೇ ಇಡಿ. ಬೆಂಗಳೂರಿನಿಂದಲೋ ಮುಂಬೈಯಿಂದಲೋ ಹತ್ತಿ, ನಡುವೆ ದುಬೈಯಲ್ಲಿ ನಾಲ್ಕು ತಾಸು ಕೂರುವಾಗ ಮೊಬೈಲ್ ಸತ್ತರೆ ದೊಡ್ಡ ಬ್ಯಾಗಿನೊಳಗಿನ ಅಡಾಪ್ಟರ್ ಏನು ಉಪಯೋಗಕ್ಕೆ ಬಂತು?

ಹೆಜ್ಜೆ 7: ವಾಪಸ್ ಬರುವಾಗ

ಹೋಗುವಾಗಿನ ತಪ್ಪಿಗೆ ಮಿಕ್ಸಿ ಬರೀ ನರಳಿತು. ಬರುವಾಗಿನ ತಪ್ಪಿಗೆ ಹೊಗೆ ಬರುತ್ತದೆ. 120 ವೋಲ್ಟಿನ ಸಾಮಾನನ್ನು 230ಕ್ಕೆ ಹಾಕಿದರೆ ಶಾಖ ಮೂರೂವರೆ ಪಟ್ಟಿಗೂ ಜಾಸ್ತಿ. 1500 ವಾಟಿನ ಹೇರ್ ಡ್ರೈಯರ್ 5500 ವಾಟ್ ಎಳೆಯಲು ಹೋಗುತ್ತದೆ. ಅಲ್ಲಿನ ಸರ್ಜ್ ಪ್ರೊಟೆಕ್ಟರ್ (ಕರೆಂಟು ದಿಢೀರ್ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಇನ್ನೂ ಅಪಾಯ. ಏನೂ ಹಾಕದೆ ಬರೀ ಗೋಡೆಗೆ ಸಿಕ್ಕಿಸಿದರೂ ಒಳಗಿನ ಬಿಡಿಭಾಗ ಸುಟ್ಟುಹೋಗುತ್ತದೆ. ಬೆಂಕಿಯೂ ಹತ್ತಬಹುದು.

ಅಲ್ಲಿ ಯಾರಾದರೂ ಪ್ರೀತಿಯಿಂದ ಕಾಫಿ ಮೇಕರ್, ಟೋಸ್ಟರ್ ಕೊಟ್ಟರೆ ಅಲ್ಲೇ ತಳ ತಿರುಗಿಸಿ ಚೀಟಿ ಓದಿ. ‘120 ವೋಲ್ಟ್’ ಅಂತ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ನಾನು ಓದದೇ ತಂದದ್ದು ಕೂದಲು ನೇರ ಮಾಡುವ ಯಂತ್ರ, ಸೊಸೆಗೆ ಅಂತ. ಪಿನ್ನಿಗೆ ಅಡಾಪ್ಟರ್ ಹಾಕಿ ಕೊಟ್ಟೆ. ಒಂದು ನಿಮಿಷ ಚೆನ್ನಾಗಿ ಕಾದಿತು. ಆಮೇಲೆ ‘ಠಪ್’ ಎಂದು ಸದ್ದಾಗಿ ಮನೆಯ ಎಂಸಿಬಿ (ಜಾಸ್ತಿ ಕರೆಂಟು ಹರಿದರೆ ತಾನೇ ಬಂದ್ ಆಗುವ ಸ್ವಿಚ್) ಬಿತ್ತು. ಸೊಸೆ ಏನೂ ಅನ್ನಲಿಲ್ಲ. ಮುಂದಿನ ಸಲ ನಾನು ಹೊರಟಾಗ ಮಾತ್ರ, “ಅತ್ತೀ, ನನಗ ಚಾಕಲೇಟ್ ಸಾಕ್ರಿ” ಅಂದಳು.